ತೂಕ ಬದಲಾಗಿಲ್ಲ, ಆದರೂ ಯಂತ್ರ ‘ದೇಹದ ವಯಸ್ಸು 57’ ಅನ್ನುತ್ತಿದೆ. ಸ್ನಾಯು ಕರಗಿದರೆ ಬೇಗ ಮುಪ್ಪು ಬರುತ್ತದೆಯೇ?

ನಿಮಗೆ 48 ವರ್ಷ, ಇಪ್ಪತ್ತು ವರ್ಷದಿಂದ ತೂಕ 64 ಕೆ.ಜಿ.ಯಲ್ಲೇ ನಿಂತಿದೆ, ಆದರೂ ಜಿಮ್‌ನ ಯಂತ್ರ ಸ್ನಾಯು ಕಡಿಮೆ, ದೇಹದ ವಯಸ್ಸು 57 ಎಂದು ತೋರಿಸಿದೆ, ನಂಬಬೇಕೇ ಎಂದು ಕೇಳಿದ್ದೀರಿ. ನಾನು ಫಿಸಿಯೋಥೆರಪಿಸ್ಟ್, ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ವಯಸ್ಸಾದವರೇ. ಆ 57ನ್ನು ಮರೆತುಬಿಡಿ. ಸ್ನಾಯು ಕಡಿಮೆ ಅಂದದ್ದನ್ನು ಮಾತ್ರ ಮರೆಯಬೇಡಿ.

ಅಂತಹ ಯಂತ್ರ ಅಂಗಾಲಿನ ಮೂಲಕ ಅತಿ ಸಣ್ಣ ಕರೆಂಟ್ ಹಾಯಿಸುತ್ತದೆ. ಸ್ನಾಯುವಿನಲ್ಲಿ ನೀರು ಹೆಚ್ಚಿರುವುದರಿಂದ ಅಲ್ಲಿ ಸಲೀಸಾಗಿ ಹರಿಯುತ್ತದೆ, ಕೊಬ್ಬಿನಲ್ಲಿ ತಡೆಯುತ್ತದೆ. ಉಳಿದದ್ದೆಲ್ಲ ತಯಾರಿಸಿದವರು ಹಾಕಿಟ್ಟ ಲೆಕ್ಕ. ನೀರು ಕುಡಿದು ನಿಂತರೆ ಒಂದು ಅಂಕಿ, ಬೆವರು ಸುರಿಸಿ ನಿಂತರೆ ಇನ್ನೊಂದು.

ನನಗೆ ಚಿಂತೆ ಹುಟ್ಟಿಸಿದ್ದು ‘ತೂಕ ಅಷ್ಟೇ ಇದೆ’ ಎಂಬ ನಿಮ್ಮ ಸಮಾಧಾನ. ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ಸುಮಾರು ಶೇ 3ರಿಂದ 8ರಷ್ಟು ಸ್ನಾಯು ಕರಗುತ್ತದೆ, ಅರವತ್ತರ ನಂತರ ಇನ್ನೂ ಬೇಗ. ಆ ಜಾಗಕ್ಕೆ ಕೊಬ್ಬು ಬಂದು ಕೂತರೆ ತೂಕದ ಮುಳ್ಳಿಗೆ ಏನೂ ಗೊತ್ತಾಗುವುದಿಲ್ಲ. ಪ್ಯಾಂಟಿಗೆ ಗೊತ್ತಾಗುತ್ತದೆ: ಸೊಂಟದಲ್ಲಿ ಬಿಗಿ, ತೊಡೆಯಲ್ಲಿ ಸಡಿಲ. ನಮ್ಮ ದೇಶದವರಲ್ಲಿ ಇದು ಇನ್ನೂ ಹೆಚ್ಚು. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ 2004ರಲ್ಲಿ ತಮ್ಮದೂ ಬ್ರಿಟನ್ನಿನ ಸಹೋದ್ಯೋಗಿ ಜಾನ್ ಯುಡ್ಕಿನ್ ಅವರದೂ ಫೋಟೊವನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಕ್ಕಪಕ್ಕ ಹಾಕಿದ್ದರು. ಇಬ್ಬರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 22.3. ಆದರೆ ಯುಡ್ಕಿನ್ ದೇಹದಲ್ಲಿ ಕೊಬ್ಬು ಶೇ 9.1, ಯಾಜ್ಞಿಕರದರಲ್ಲಿ ಶೇ 21.2!

ಇನ್ನು ಮುಪ್ಪಿನ ಪ್ರಶ್ನೆ. ವಯಸ್ಸಾದಂತೆ ಮೊದಲು ಸೊರಗುವುದು ಚುರುಕಾಗಿ ಕೆಲಸ ಮಾಡುವ ಸ್ನಾಯುವಿನ ಎಳೆಗಳು. ಎಡವಿದಾಗ ತಟ್ಟನೆ ಕಾಲೂರಿ ಸಾವರಿಸಿಕೊಳ್ಳುವುದು ಅವುಗಳಿಂದಲೇ. ಅವುಗಳಿಗೆ ಆಜ್ಞೆ ಕೊಡುವ ನರಗಳೂ ಕಡಿಮೆಯಾಗುತ್ತ ಹೋಗುತ್ತವೆ. ಹಾಗಾಗಿ ಗಾತ್ರ ಇಳಿಯುವುದಕ್ಕಿಂತ ಬೇಗ ಬಲ ಇಳಿಯುತ್ತದೆ. ಊಟದ ನಂತರ ರಕ್ತದ ಸಕ್ಕರೆಯ ದೊಡ್ಡ ಪಾಲನ್ನು ಹೀರಿಕೊಳ್ಳಬೇಕಾದದ್ದೂ ಸ್ನಾಯುವೇ, ಅದು ಕುಗ್ಗಿದರೆ ಶುಗರ್ ಹಿಡಿತ ತಪ್ಪುವುದು ಸುಲಭ.

ಭಾರತವೂ ಸೇರಿ 17 ದೇಶಗಳ ಸುಮಾರು 1.4 ಲಕ್ಷ ಜನರ ಕೈಹಿಡಿತದ ಬಲ ಅಳೆದ ‘ಪ್ಯೂರ್’ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಹಿಡಿತ 5 ಕೆ.ಜಿ. ಕಡಿಮೆಯಾದಷ್ಟೂ ಸಾವಿನ ಅಪಾಯ ಶೇ 16ರಷ್ಟು ಹೆಚ್ಚು ಕಂಡಿತು. ಬಿಪಿಯ ಮೇಲಿನ ಅಂಕಿಗಿಂತಲೂ ಇದು ಒಳ್ಳೆಯ ಸೂಚಕವಾಗಿತ್ತು. ಹಾಗಂತ ಕೈಯಲ್ಲಿ ರಬ್ಬರ್ ಚೆಂಡು ಹಿಸುಕುತ್ತ ಕೂತರೆ ಆಯಸ್ಸು ಬೆಳೆಯುವುದಿಲ್ಲ. ಹಿಡಿತ ಇಡೀ ದೇಹದ ಸುದ್ದಿ ಹೇಳುತ್ತದೆ, ಅಷ್ಟೇ. ಕಾಯಿಲೆಯಿಂದ ಸ್ನಾಯು ಕರಗುವುದೂ ಉಂಟು, ಸ್ನಾಯು ಕರಗಿದ್ದರಿಂದ ಕಾಯಿಲೆ ಬರುವುದೂ ಉಂಟು.

ಇದನ್ನು ನಾನು ಓದಿ ಕಲಿತದ್ದಕ್ಕಿಂತ ಅಮ್ಮನಿಂದ ಕಲಿತದ್ದು ಹೆಚ್ಚು. ಎಪ್ಪತ್ತೊಂದರಲ್ಲೂ ಈಳಿಗೆಮಣೆ ಮೇಲೆ ಕೂತು ಹಲಸಿನಕಾಯಿ ಹೆಚ್ಚಿ, ಕೈ ಊರದೆ ಎದ್ದು ಹೋಗುತ್ತಿದ್ದಳು. ನ್ಯುಮೋನಿಯಾ ಆಗಿ ಹನ್ನೆರಡು ದಿನ ಆಸ್ಪತ್ರೆಯಲ್ಲಿ ಮಲಗಿದಳು. ಶ್ವಾಸಕೋಶ ವಾಸಿಯಾಯಿತು. ಮನೆಗೆ ಬಂದ ದಿನ ಮಂಚದಿಂದ ಏಳಲು ಎರಡು ಸಲ ನೋಡಿ, ಆಗದೆ, ನನ್ನ ಮುಖ ನೋಡಿದಳು. ಎಷ್ಟೋ ಮನೆಗಳ ತಾಯಂದಿರಿಗೆ ವ್ಯಾಯಾಮ ಹೇಳಿಕೊಟ್ಟ ನಾನು, ಮಲಗಿದ್ದಾಗ ಅವಳ ಕಾಲು ಆಡಿಸಬೇಕೆಂದು ಯೋಚಿಸಿರಲಿಲ್ಲ. ಆರೋಗ್ಯವಾಗಿರುವ ಹಿರಿಯರೇ ಹತ್ತು ದಿನ ಹಾಸಿಗೆಯಲ್ಲಿದ್ದರೆ ಕಾಲುಗಳಿಂದ ಸುಮಾರು ಒಂದು ಕೆ.ಜಿ. ಸ್ನಾಯು ಕಳೆದುಕೊಳ್ಳುತ್ತಾರೆಂದು 2007ರ ಒಂದು ಅಧ್ಯಯನ ತೋರಿಸಿತ್ತು. ಕುರ್ಚಿಯ ಮೇಲೆ ಎರಡು ದಿಂಬಿಟ್ಟು ಎದ್ದು ಕೂರುವುದರಿಂದ ಶುರುಮಾಡಿದೆವು. ಆಮೇಲೆ ಒಂದು ದಿಂಬು, ಆಮೇಲೆ ಬರೀ ಕುರ್ಚಿ. ಮತ್ತೆ ಈಳಿಗೆಮಣೆಗೆ ಬರಲು ಐದು ತಿಂಗಳು ಹಿಡಿಯಿತು.

ಅಮೆರಿಕದ ಬಾಸ್ಟನ್ನಿನಲ್ಲಿ ವೈದ್ಯೆ ಮರಿಯಾ ಫಿಯಾಟರೋನ್ 1990ರಲ್ಲಿ ಇದಕ್ಕಿಂತ ದೊಡ್ಡದನ್ನು ತೋರಿಸಿದ್ದರು. ಸರಾಸರಿ ತೊಂಬತ್ತು ವರ್ಷದ ವೃದ್ಧರಿಂದ ಎಂಟು ವಾರ ಭಾರ ಎತ್ತಿಸಿದಾಗ ಅವರ ಕಾಲಿನ ಬಲ ಸರಾಸರಿ ಶೇ 174ರಷ್ಟು ಏರಿತು. ತೊಡೆಯ ಸ್ನಾಯು ಬೆಳೆದದ್ದು ಶೇ 9 ಮಾತ್ರ. ಗಾತ್ರಕ್ಕಿಂತ ಬಲ ನೋಡಿ ಎಂದು ನಾನು ಹಠ ಹಿಡಿಯುವುದು ಇದಕ್ಕೇ.

ನೀವು ಮಾಡಬೇಕಾದದ್ದು: ಕೈಯಿಲ್ಲದ ಕುರ್ಚಿಯಲ್ಲಿ ಕೂತು, ಎರಡೂ ಕೈ ಎದೆಗೆ ಕಟ್ಟಿಕೊಂಡು, ಐದು ಸಲ ಎದ್ದು ಕೂರಿ. ಏಷ್ಯಾದ ತಜ್ಞರು 2019ರಲ್ಲಿ ಹಾಕಿದ ಗೆರೆಯ ಪ್ರಕಾರ 12 ಸೆಕೆಂಡ್ ಅಥವಾ ಹೆಚ್ಚಾದರೆ ಸ್ನಾಯು ಸೋತಿರುವ ಸಾಧ್ಯತೆ ಇದೆ. ಈ ಗೆರೆ ಹಿರಿಯರಿಗೆ ಹಾಕಿದ್ದು, 48ಕ್ಕೆ ನೀವು ಅದರೊಳಗೆ ಆರಾಮಾಗಿ ಮುಗಿಸಬೇಕು. ವಾಕಿಂಗ್ ಬಿಡಬೇಡಿ, ಆದರೆ ವಾಕಿಂಗ್ ಒಂದೇ ಸಾಲದು. ವಾರಕ್ಕೆ ಎರಡು ದಿನ ತೊಡೆ, ಬೆನ್ನು, ತೋಳಿಗೆ ಭಾರ ಬೀಳಲಿ, ಕೊನೆಯ ಒಂದೆರಡು ಸಲ ಎತ್ತುವಾಗ ನಿಜಕ್ಕೂ ಕಷ್ಟವಾಗಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಲೆಕ್ಕದಲ್ಲಿ ನಿಮಗೆ ದಿನಕ್ಕೆ ಸುಮಾರು 53 ಗ್ರಾಂ ಪ್ರೋಟೀನ್ ಬೇಕು. ಮುದ್ದೆ ಜೊತೆ ನೀರು ಸಾರಿನಿಂದ ಅದು ಸಿಗುವುದಿಲ್ಲ. ಹುರುಳಿ, ಹೆಸರುಕಾಳು, ಮೊಸರು, ತಿನ್ನುವವರಾದರೆ ಮೊಟ್ಟೆ, ಮೀನು ದಿನದ ಮೂರೂ ಹೊತ್ತು ಹಂಚಿಹೋಗಲಿ. ಕಿಡ್ನಿ ತೊಂದರೆ ಇದ್ದರೆ ಮಾತ್ರ ನಿಮ್ಮ ಡಾಕ್ಟರನ್ನು ಕೇಳದೆ ಪ್ರೋಟೀನ್ ಏರಿಸಬೇಡಿ.