ಚಾವಡಿಯಲ್ಲಿ ಕುಳಿತವರಿಗೆ ಕಾಣುವ ಬಡತನ

ಈ ಸಲ ಬಂದ ಪತ್ರಗಳಲ್ಲಿ ಮೂರು ಪತ್ರಗಳು ಒಂದೇ ವಿಷಯದ ಸುತ್ತ ಇವೆ. ಆದುದರಿಂದ ಉಳಿದವನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇವಕ್ಕೆ ಮಾತ್ರ ಉತ್ತರಿಸಿದ್ದೇನೆ.

ಪ್ರಶ್ನೆ: ಕಾಪುವಿನ ಸಮೀಪ ಸಮುದ್ರದ ಬದಿಯಲ್ಲಿ ನಮ್ಮದೊಂದು ಚಿಕ್ಕ ಹೋಮ್‌ಸ್ಟೇ ಇದೆ. ಕಳೆದ ಜನವರಿಯಲ್ಲಿ ಜರ್ಮನಿಯ ಒಬ್ಬ ನಿವೃತ್ತ ಶಿಕ್ಷಕರು ಹನ್ನೆರಡು ದಿನ ನಮ್ಮಲ್ಲಿ ಉಳಿದಿದ್ದರು. ಬಹಳ ಸಜ್ಜನರು. ನೆರೆಮನೆಯ ಜಗಲಿಯಲ್ಲಿ ಬೀಡಿ ಕಟ್ಟುವ ಹೆಂಗಸರನ್ನು, ದಡದಲ್ಲಿ ಬಲೆ ಸರಿಪಡಿಸುವವರನ್ನು ದಿನವೂ ಹೋಗಿ ನೋಡಿ ಬರುತ್ತಿದ್ದರು. ಹೊರಡುವಾಗ ನಮ್ಮ ಪುಸ್ತಕದಲ್ಲಿ ಬರೆದುದರ ತಾತ್ಪರ್ಯ ಹೀಗಿದೆ: “ಇವರ ಬಳಿ ಹೆಚ್ಚೇನೂ ಇಲ್ಲ, ಆದರೂ ಎಲ್ಲರ ಮುಖದಲ್ಲಿ ನಗುವಿದೆ; ನಮ್ಮಲ್ಲಿ ಎಲ್ಲವೂ ಇದೆ, ನಗುವಿಲ್ಲ. ನಿಜವಾದ ಬಡವರು ನಾವೇ.” ನನಗೆ ಇದು ಹೊಗಳಿಕೆಯೆಂದು ಕಂಡಿತು. ಕಾಲೇಜಿಗೆ ಹೋಗುವ ನನ್ನ ಮಗಳು ಇದು ಅವಮಾನವೆನ್ನುತ್ತಾಳೆ. ಯಾರ ಮಾತು ಸರಿ?
— ಓದುಗರೊಬ್ಬರು, ಕಾಪು

ಉತ್ತರ: ನಿಮ್ಮ ಮಗಳ ಮಾತೇ ಸರಿಗೆ ಹೆಚ್ಚು ಹತ್ತಿರವಿದೆ, ಆದರೆ ಅವಮಾನವೆಂಬ ಶಬ್ದ ಆ ಅತಿಥಿಯ ಮಟ್ಟಿಗೆ ಸ್ವಲ್ಪ ಭಾರವಾಯಿತು. ಅವರು ಕಂಡದ್ದರಲ್ಲಿ ಸುಳ್ಳಿಲ್ಲ. ನಗು ಇತ್ತು, ಅವರು ನೋಡಿದರು. ಆ ನಗು ಯಾರಿಗಾಗಿ ಇತ್ತು ಎಂಬುದನ್ನು ಮಾತ್ರ ಅವರು ಯೋಚಿಸಲಿಲ್ಲ.

ನಾನು ಚಿಕ್ಕವನಿದ್ದಾಗ ನಮ್ಮ ಮನೆಗೆ ನೆಂಟರು ಬಂದರೆ ಅಮ್ಮ ಚಾವಡಿಯಲ್ಲಿ ಚಾಪೆ ಹಾಸಿ, ಬೆಲ್ಲ ನೀರು ಕೊಟ್ಟು, ಅವರ ಊರಿನ ಸುದ್ದಿಯನ್ನೆಲ್ಲ ನಗುನಗುತ್ತಾ ವಿಚಾರಿಸುತ್ತಿದ್ದರು. ಅಷ್ಟರೊಳಗೆ ನಾನು ಹಿಂಬಾಗಿಲಿನಿಂದ ಇಳಿದು, ತೋಟದ ಬದಿಯಿಂದ ಪಕ್ಕದ ಮನೆಗೆ ಓಡಿ, ಒಂದು ಸೇರು ಅಕ್ಕಿ ಕಡ ತರಬೇಕಾಗಿತ್ತು. ನೆಂಟರಿಗೆ ಕೊಟ್ಟ ಬೆಲ್ಲವೂ ಎಷ್ಟೋ ಸಲ ಹಾಗೆಯೇ ಬಂದದ್ದು. ಚಾವಡಿಯಲ್ಲಿ ಕುಳಿತವರಿಗೆ ಹಿಂಬಾಗಿಲು ಕಾಣಬಾರದು ಎಂಬುದು ನಮ್ಮ ಕಡೆಯ ಮನೆಗಳ ಮರ್ಯಾದೆ. ನಿಮ್ಮ ಅತಿಥಿಗೆ ಸಿಕ್ಕಿದ್ದೂ ಆ ಮರ್ಯಾದೆಯೇ. ಅದನ್ನು ಅವರು ಮನೆಯೊಳಗಿನ ಸ್ಥಿತಿಯೆಂದು ತಿಳಿದುಕೊಂಡರು.

ಬೀಡಿ ಕಟ್ಟುವವರ ವಿಷಯವನ್ನೇ ನೋಡಿ. ಜಗಲಿಯಲ್ಲಿ ನಾಲ್ಕು ಮಂದಿ ಕುಳಿತು ಹರಟುವುದು ನೋಡುವವರಿಗೆ ಚೆಂದವೇ, ಆದರೆ ಹರಟುವಾಗಲೂ ಆ ಕೈಗಳು ನಿಲ್ಲುವುದಿಲ್ಲ. ಏಕೆಂದರೆ ಮಜೂರಿ ದಿನದ ಲೆಕ್ಕದಲ್ಲಿಲ್ಲ, ಸಾವಿರ ಬೀಡಿಯ ಲೆಕ್ಕದಲ್ಲಿದೆ. ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸುರುಟಿ, ನೂಲು ಕಟ್ಟಿ ಬೀಡಿ ಕಂಪೆನಿಯ ಬ್ರಾಂಚಿಗೆ ಒಯ್ದ ಮೇಲೆ, ಅಲ್ಲಿ ಸರಿಯಿಲ್ಲವೆಂದು ಬದಿಗೆ ತೆಗೆದಿಟ್ಟ ಬೀಡಿಗೆ ಮಜೂರಿಯಿಲ್ಲ. ಕೊಟ್ಟ ಎಲೆಯಲ್ಲಿ ಹಾಳಾದದ್ದು ಹೆಚ್ಚಿದ್ದರೆ ಆ ಕೊರತೆಯೂ ಕಟ್ಟುವವಳ ತಲೆಗೇ. ನನ್ನ ಅಮ್ಮನೂ ಬೀಡಿ ಕಟ್ಟಿದವರೇ. ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಅವರು ನಕ್ಕದ್ದನ್ನೂ ಕಂಡಿದ್ದೇನೆ, ರಾತ್ರಿ ಬೆನ್ನು ನೆಟ್ಟಗೆ ಮಾಡಲಾರದೆ ಗೋಡೆ ಹಿಡಿದು ಎದ್ದದ್ದನ್ನೂ ಕಂಡಿದ್ದೇನೆ. ಜಗಲಿಯ ನಗೆಯಿಂದ ಅವರ ಸ್ಥಿತಿ ಬದಲಾಗಲಿಲ್ಲ. ಬೀಡಿ ಕಾರ್ಮಿಕರಿಗೆಂದು 1966ರಲ್ಲಿ ಬಂದ ಕಾನೂನು ಮತ್ತು 1976ರಲ್ಲಿ ಬಂದ ಕಲ್ಯಾಣ ನಿಧಿ ಇವುಗಳಿಂದಾಗಿ ಕೆಲಸದ ಲೆಕ್ಕ ಬರೆಯುವ ಲಾಗ್‌ಬುಕ್, ಪಿ.ಎಫ್., ಮಕ್ಕಳಿಗೆ ವಿದ್ಯಾರ್ಥಿವೇತನ ಇತ್ಯಾದಿ ಒಂದೊಂದಾಗಿ ಮನೆಯೊಳಗೆ ಬಂದವು. ಅವೂ ಕೇಳದೆ ಬಂದವಲ್ಲ, ಸಂಘ ಕಟ್ಟಿ ಬೀದಿಯಲ್ಲಿ ಕುಳಿತು ಪಡೆದವು.

ಮುಖ ನೋಡಿ ನಮ್ಮ ಕರಾವಳಿಯ ಸ್ಥಿತಿಯನ್ನು ಅಳೆದ ಪಾಶ್ಚಾತ್ಯ ಯಾತ್ರಿಕರಲ್ಲಿ ನಿಮ್ಮ ಅತಿಥಿ ಮೊದಲಿಗರಲ್ಲ. 1623ರಲ್ಲಿ ರೋಮಿನ ಪಿಯೆತ್ರೊ ದೆಲ್ಲಾ ವಾಲೆ ಎಂಬ ಶ್ರೀಮಂತ ಇಕ್ಕೇರಿಯ ಮೂಲಕ ಮಂಗಳೂರಿಗೆ ಬಂದು, ಉಳ್ಳಾಲದ ರಾಣಿಯನ್ನು ಕಾಣಬೇಕೆಂದು ಮಾನೆಲ್ ಎಂಬಲ್ಲಿಗೆ ಹೋದ. ನಾವು ಅಬ್ಬಕ್ಕನೆಂದು ಕರೆಯುವ ಆ ರಾಣಿ ತಾನು ತೋಡಿಸುತ್ತಿದ್ದ ಕಾಲುವೆಯ ಕೆಲಸ ನೋಡಲು ಬರಿಗಾಲಿನಲ್ಲಿ, ಸಾದಾ ಹತ್ತಿಯ ಬಟ್ಟೆಯಲ್ಲಿ, ತಾಳೆಗರಿಯ ಕೊಡೆಯ ನೆರಳಿನಲ್ಲಿ ನಡೆದು ಬರುತ್ತಿದ್ದಳು. ಅವಳನ್ನು ಕಂಡು, ಇವಳು ರಾಣಿಗಿಂತ ಹೆಚ್ಚಾಗಿ ಅಡುಗೆಯ ಆಳಿನಂತೆಯೋ ಬಟ್ಟೆ ಒಗೆಯುವವಳಂತೆಯೋ ಕಾಣುತ್ತಾಳಲ್ಲ ಎಂಬ ಅರ್ಥದ ಮಾತನ್ನು ಅವನು ಬರೆದುಕೊಂಡ. ಪೋರ್ಚುಗೀಸರ ಸೇನೆಯನ್ನು ಸೋಲಿಸಿದವಳು ಇವಳೇ ಎಂಬುದೂ ಅವನಿಗೆ ಗೊತ್ತಿತ್ತು. ಅವಳು ಮಾತಿಗೆ ನಿಂತ ಮೇಲೆ ಅವಳ ಘನತೆ ಅವನಿಗೆ ತಿಳಿಯಿತೆಂಬುದನ್ನೂ ಹೇಳಬೇಕು. ಚಪ್ಪಲಿಯಿಲ್ಲದ ಕಾಲು ಬಡತನವೆಂದು ಅವನಿಗೆ ಮೊದಲು ಅನಿಸಿತು. ನಿಮ್ಮ ಅತಿಥಿಗೆ ಇದರ ವಿರುದ್ಧವಾಗಿ, ನಗುವ ಮುಖ ಸಿರಿಯೆಂದು ಅನಿಸಿದೆ. ಎರಡು ಕಡೆಯೂ ಕಣ್ಣು ಮಾಡಿದ ಕೆಲಸ ಒಂದೇ.

ಹಾಗೆಂದು ಹೊರಗಿನಿಂದ ಬಂದವರಿಗೆ ನಮ್ಮ ಬಡತನ ತಿಳಿಯುವುದೇ ಇಲ್ಲ ಎನ್ನಲಾಗದು. 1801ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಪರವಾಗಿ ಈ ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಯಾರ ನಗುವಿನ ಬಗ್ಗೆಯೂ ತಲೆ ಕೆಡಿಸಿಕೊಂಡವನಲ್ಲ. ಗೇಣಿ ಎಷ್ಟು, ಒಕ್ಕಲಿಗೆ ಉಳಿಯುವುದೆಷ್ಟು, ಜೀತದಾಳಿಗೆ ಸಿಗುವ ಅಕ್ಕಿಯೆಷ್ಟು, ಬಟ್ಟೆಯೆಷ್ಟು ಎಂದು ಕೇಳಿ ಕೇಳಿ ಬರೆದ. ಅವನು ಕೇಳಿದ್ದು ಕಂಪೆನಿಯ ಆಡಳಿತಕ್ಕೆ ಅನುಕೂಲವಾಗಲೆಂದೇ, ಅದರಲ್ಲಿ ಪ್ರೀತಿಯೇನೂ ಇರಲಿಲ್ಲ. ಆದರೂ ಆ ಕಾಲದ ಉಳುವವರ ಮನೆಯ ಗಂಜಿಯ ಪ್ರಮಾಣ ಇಂದು ನಮಗೆ ತಿಳಿಯಬೇಕಾದರೆ ಆ ಪ್ರೀತಿಯಿಲ್ಲದ ಪುಟಗಳನ್ನೇ ತೆರೆಯಬೇಕು. ಸಜ್ಜನಿಕೆಯಿಂದ ಬರೆದ ಹೊಗಳಿಕೆಗಿಂತ ಒಣ ಲೆಕ್ಕ ಕೆಲವೊಮ್ಮೆ ಹೆಚ್ಚು ಉಪಕಾರಿ.

ನಿಮ್ಮ ಅತಿಥಿ ಪುನಃ ಬಂದರೆ, ನೆರೆಮನೆಯವರ ಒಪ್ಪಿಗೆ ಕೇಳಿ, ಅವರನ್ನು ಅದೇ ಜಗಲಿಗೆ ಕರೆದೊಯ್ದು ಮಾತಿಗೆ ಕೂರಿಸಿ, ದುಭಾಷಿಯಾಗಿ ನಿಮ್ಮ ಮಗಳನ್ನು ಇಟ್ಟುಕೊಳ್ಳಿ. ಆ ಮನೆಯ ಜಾಗ ಯಾವಾಗ ಅವರದಾಯಿತು ಎಂದು ಕೇಳಿಸಿ. 1974ರ ಭೂಸುಧಾರಣಾ ತಿದ್ದುಪಡಿಯ ನಂತರ ಅಜ್ಜ ಡಿಕ್ಲರೇಶನ್ ಎಂಬ ಅರ್ಜಿ ಹಾಕಿ, ಭೂನ್ಯಾಯ ಮಂಡಳಿಯ ಮುಂದೆ ನಿಂತು, ಗೇಣಿಯ ಗದ್ದೆಯನ್ನು ಸ್ವಂತ ಮಾಡಿಕೊಂಡ ಕಥೆ ದಕ್ಷಿಣ ಕನ್ನಡ, ಉಡುಪಿ ಈ ಎರಡು ಜಿಲ್ಲೆಗಳ ಸಾವಿರಾರು ಮನೆಗಳಲ್ಲಿದೆ. (ಒಂದೆರಡು ಎಕರೆಯನ್ನು ಗೇಣಿಗೆ ಕೊಟ್ಟು ಅದರಲ್ಲೇ ಬದುಕುತ್ತಿದ್ದ ವಿಧವೆಯರು ಅದೇ ಕಾನೂನಿನಿಂದ ಬರಿಗೈಯಾದ ಕಥೆಯೂ ಇದೆ. ಅದನ್ನು ಹೇಳುವವರು ಕಡಿಮೆ.) ಮಗಳ ಮದುವೆಗೆ ಹಣ ಎಲ್ಲಿಂದ ಕೂಡಿತು ಎಂದರೆ ಪಿಗ್ಮಿಯ ಮಾತು ಬಂದೇ ಬರುತ್ತದೆ. ಉಡುಪಿಯಲ್ಲಿ 1925ರಲ್ಲಿ, ಸೋತ ಕೈಮಗ್ಗದ ನೇಕಾರರಿಗೆ ನೆರವಾಗಬೇಕೆಂದು ಎಂಟು ಸಾವಿರ ರೂಪಾಯಿ ಬಂಡವಾಳದಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆ, 1928ರಲ್ಲಿ ದಿನಕ್ಕೆ ಎರಡಾಣೆಯನ್ನೂ ಮನೆ ಬಾಗಿಲಿಗೆ ಬಂದು ಸಂಗ್ರಹಿಸುವ ಈ ಪಿಗ್ಮಿ ಕ್ರಮವನ್ನು ಆರಂಭಿಸಿತು. ಪಕ್ಕದ ತಾರಸಿ ಮನೆ ಯಾರದೆಂದು ಕೇಳಿದರೆ ಮುಂಬಯಿಯ ಹೋಟೆಲೋ ಗಲ್ಫಿನ ಕೆಲಸವೋ ಎದ್ದು ಬರುತ್ತದೆ. ಇಷ್ಟು ಕೇಳಿದ ಮೇಲೆ ಆ ಶಿಕ್ಷಕರು ಪುಸ್ತಕದಲ್ಲಿ ಬೇರೆ ಮಾತು ಬರೆದಾರು. ಹಳೆಯ ಪುಟವನ್ನು ಹರಿಯಬೇಕಾಗಿಲ್ಲ.

ಪ್ರಶ್ನೆ: ವಿದೇಶಿ ಯಾತ್ರಿಕನೊಬ್ಬ ಮಂಗಳೂರಿನ ಬಗ್ಗೆ ಮಾಡಿದ ವಿಡಿಯೊದಲ್ಲಿ ಎತ್ತರದ ಕಟ್ಟಡದ ಬುಡದಲ್ಲಿರುವ ತಗಡಿನ ಶೆಡ್ಡುಗಳು, ಮಣ್ಣಿನಲ್ಲಿ ಆಡುವ ಮಕ್ಕಳು, ಇಷ್ಟನ್ನೇ ತೋರಿಸಿ ‘ಇದು ಇಲ್ಲಿಯ ಬಡತನ’ ಎಂದಿದ್ದಾನೆ. ಇವರ ದೇಶಗಳಲ್ಲಿ ಬಡವರಿಲ್ಲವೇ? ವಿಶ್ವಬ್ಯಾಂಕಿನ ಮೂರು ಡಾಲರಿನ ಲೆಕ್ಕದಲ್ಲಿ ನೋಡಿದರೆ ನಮ್ಮ ಜಿಲ್ಲೆಯಲ್ಲಿ ಬಡವರೆಷ್ಟು ಮಂದಿ ಸಿಕ್ಕಾರು?
— ಪದವಿ ವಿದ್ಯಾರ್ಥಿ, ಮಂಗಳೂರು

ಉತ್ತರ: ಡಾಲರಿನ ಮಾತನ್ನು ಮೊದಲು ಮುಗಿಸೋಣ. ಕಡು ಬಡತನದ ರೇಖೆಯನ್ನು ವಿಶ್ವಬ್ಯಾಂಕು 2025ರ ಜೂನ್‌ನಲ್ಲಿ ತಲೆಗೆ ದಿನಕ್ಕೆ 2.15 ಡಾಲರಿನಿಂದ 3 ಡಾಲರಿಗೆ ಏರಿಸಿತು. ಇದನ್ನು ಪೇಟೆಯ ವಿನಿಮಯ ದರದಲ್ಲಿ ಗುಣಿಸಿ ಇನ್ನೂರೈವತ್ತು ರೂಪಾಯಿ ಎನ್ನುವುದು ತಪ್ಪು. ಅಮೆರಿಕದಲ್ಲಿ 3 ಡಾಲರಿಗೆ ಸಿಗುವಷ್ಟು ಸಾಮಾನು ಇಲ್ಲಿ ಎಷ್ಟು ರೂಪಾಯಿಗೆ ಸಿಗುತ್ತದೆ ಎಂಬುದು ಇದರ ಲೆಕ್ಕ, ಹಾಗಾಗಿ ರೂಪಾಯಿಯಲ್ಲಿ ಅದು ಅದರ ಅರ್ಧಕ್ಕಿಂತಲೂ ಕಡಿಮೆ. ಅಷ್ಟೂ ಇಲ್ಲದವರು ನಮ್ಮ ಜಿಲ್ಲೆಯಲ್ಲಿ ವಿರಳವಿರಬಹುದು. ಆದರೆ ಬಡತನವೆಂದರೆ ಅಷ್ಟೇ ಅಲ್ಲ ಎಂದು ನಮ್ಮದೇ ನೀತಿ ಆಯೋಗವೂ ಒಪ್ಪಿದೆ. ಅದರ ಬಹುಆಯಾಮದ ಸೂಚ್ಯಂಕವು ಪೌಷ್ಟಿಕತೆ, ಮಕ್ಕಳ ಶಾಲಾ ಹಾಜರಾತಿ, ಅಡುಗೆಯ ಇಂಧನ, ಶೌಚಾಲಯ, ಮನೆ ಮುಂತಾದ 12 ಅಂಶಗಳನ್ನು ನೋಡುತ್ತದೆ.

ಈ ಕಣ್ಣಿನಿಂದ ಆ ಶೆಡ್ಡನ್ನು ನೋಡಿ. ಅಲ್ಲಿರುವವರಲ್ಲಿ ಹಲವರು ಗದಗ, ಕೊಪ್ಪಳ, ಬಾಗಲಕೋಟೆ, ರಾಯಚೂರು ಕಡೆಗಳಿಂದ ಕಟ್ಟಡದ ಕೆಲಸಕ್ಕೆ ಬಂದವರು. ಸ್ಲ್ಯಾಬ್ ಮುಗಿದ ಕೂಡಲೇ ಶೆಡ್ಡೂ ಮುಂದಿನ ಸೈಟಿಗೆ ಹೋಗುತ್ತದೆ, ಅದರೊಡನೆ ಮಕ್ಕಳ ಶಾಲೆಯೂ ತಪ್ಪುತ್ತದೆ. ವಿಡಿಯೊದವನು ತೋರಿಸಿದ್ದು ಸುಳ್ಳಲ್ಲ. ಅವರನ್ನು ಹೆಸರು ಹಿಡಿದು ಮಾತನಾಡಿಸದೆ, ಕೂಲಿ ಕೇಳದೆ, ಮಕ್ಕಳ ಮುಖವನ್ನು ಒಪ್ಪಿಗೆಯಿಲ್ಲದೆ ತೋರಿಸಿದ್ದು ತಪ್ಪು. ಆದರೆ ನಿಮಗೆ ಬಂದ ಸಿಟ್ಟು ಅದಕ್ಕೋ, ಅಥವಾ ಮಾಲ್ ತೋರಿಸಲಿಲ್ಲವೆಂಬುದಕ್ಕೋ? ಆ ಶೆಡ್ಡಿನ ಮುಂದಿನಿಂದ ನಾವೆಲ್ಲರೂ ದಿನವೂ ಬಸ್ಸಿನಲ್ಲಿ ಹೋಗುತ್ತೇವೆ. ‘ಘಟ್ಟದವರು, ಅವರಿಗೆ ಹಾಗೆಯೇ ಅಭ್ಯಾಸ’ ಎಂಬ ಮಾತನ್ನು ಬಸ್ಸಿನಲ್ಲಿ ನಾನು ಎಷ್ಟೋ ಸಲ ಕೇಳಿದ್ದೇನೆ. ಜರ್ಮನಿಯವರು ನಮ್ಮ ಬಗ್ಗೆ ಹೇಳುವುದಕ್ಕಿಂತ ಇದು ಒಳ್ಳೆಯದೇನಲ್ಲ.

ನಮ್ಮದೇ ಹಳೆಯ ಬಡತನದ ವಿಷಯದಲ್ಲೂ ನಾವು ಪ್ರವಾಸಿಗರಾಗಿದ್ದೇವೆ. ಮಳೆಗಾಲದ ಆಟಿ ತಿಂಗಳಲ್ಲಿ ಕೆಲಸವಿಲ್ಲದೆ, ಪತ್ತಾಯದಲ್ಲಿ ಭತ್ತವಿಲ್ಲದೆ, ತಗಟೆ ಸೊಪ್ಪು, ಕಣಿಲೆ (ಎಳೆ ಬಿದಿರು), ಉಪ್ಪಿನಲ್ಲಿಟ್ಟ ಹಲಸಿನ ಸೊಳೆ ಇವುಗಳಿಂದ ದಿನ ದೂಡಿದವರ ಮೊಮ್ಮಕ್ಕಳು ಈಗ ‘ಆಟಿಡೊಂಜಿ ದಿನ’ವೆಂದು ಸಭಾಭವನದಲ್ಲಿ ಅವನ್ನೇ ಇಪ್ಪತ್ತು ಬಗೆ ಮಾಡಿ ಬಡಿಸುತ್ತೇವೆ. ನಾನೂ ಉಂಡು ಬಂದಿದ್ದೇನೆ, ರುಚಿಯಾಗಿಯೇ ಇತ್ತು. ಅದೇ ಕರಾವಳಿಯಲ್ಲಿ ಬುಟ್ಟಿ ಹೆಣೆಯುವ ಕೊರಗರ ಕೇರಿಗೆ ವಿಡಿಯೊದವನೂ ಹೋಗಲಿಲ್ಲ, ನಾವೂ ಹೋಗುವುದಿಲ್ಲ. ಅವರನ್ನು ಕೀಳಾಗಿ ನಡೆಸಿಕೊಳ್ಳುವ ಅಜಲು ಪದ್ಧತಿಯನ್ನು ನಿಷೇಧಿಸಲು 2000ದಲ್ಲಿ ಪ್ರತ್ಯೇಕ ಕಾನೂನನ್ನೇ ಮಾಡಬೇಕಾಯಿತು ಎಂದರೆ, ಬಡತನಕ್ಕೆ ಅಕ್ಕಿಯ ಕೊರತೆಯೊಂದೇ ಕಾರಣವಲ್ಲ ಎಂಬುದು ತಿಳಿಯುತ್ತದೆ.

ಅವರ ದೇಶಗಳಲ್ಲಿ ಬಡವರು ಖಂಡಿತ ಇದ್ದಾರೆ. ಜರ್ಮನಿಯಲ್ಲಿ ಒಮ್ಮೆ ಮಾತ್ರ ಬಳಸುವ ಒಂದು ಪ್ಲಾಸ್ಟಿಕ್ ಪಾನೀಯದ ಬಾಟಲಿಯನ್ನು ಹಿಂದಿರುಗಿಸಿದರೆ ಅದಕ್ಕೆ ಅಥವಾ ಡಬ್ಬಿಗೆ 25 ಸೆಂಟ್ ಠೇವಣಿ ವಾಪಸು ಸಿಗುತ್ತದೆ. ರೈಲು ನಿಲ್ದಾಣಗಳ ಕಸದ ಬುಟ್ಟಿಗಳಲ್ಲಿ ಕೈ ಹಾಕಿ ಅವನ್ನು ಹೆಕ್ಕುವ ವೃದ್ಧರು ಅಲ್ಲಿಯ ಊರುಗಳಲ್ಲಿ ಅಪರೂಪವಲ್ಲ. ಉಳಿದ ಆಹಾರವನ್ನು ಸಂಗ್ರಹಿಸಿ ಬಡವರಿಗೆ ಹಂಚುವ ‘ತಾಫೆಲ್’ ಎಂಬ ವ್ಯವಸ್ಥೆ 1993ರಲ್ಲಿ ಬರ್ಲಿನ್‌ನಲ್ಲಿ ಆರಂಭವಾಗಿ ದೇಶದ ತುಂಬ ಹಬ್ಬಿತು. ಆದರೆ ಇದನ್ನು ಜವಾಬಿನ ಕಲ್ಲಾಗಿ ಎಸೆಯಲು ಬಳಸಬೇಡಿ. ಆ ವೃದ್ಧರ ವಿಡಿಯೊ ಮಾಡಿ ನಾವು ನಕ್ಕರೆ ಲೆಕ್ಕ ಸರಿಹೋಗುವುದಿಲ್ಲ.

ಪ್ರಶ್ನೆ: ನಾನು ಟ್ಯಾಕ್ಸಿ ಓಡಿಸುವವನು. ಪಣಂಬೂರಿನ ಬಂದರಿಗೆ ಪ್ರವಾಸಿ ಹಡಗು ಬಂದ ದಿನ ವಿದೇಶಿಯರನ್ನು ಕದ್ರಿ, ಕುದ್ರೋಳಿ, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಗೇರುಬೀಜದ ಕಾರ್ಖಾನೆ ಎಂದು ಸುತ್ತಿಸುತ್ತೇನೆ. ಕೆಲವರು ‘ಬಡವರ ಮನೆ ತೋರಿಸು’ ಎಂದು ಬಾಯಿ ಬಿಟ್ಟೇ ಕೇಳುತ್ತಾರೆ. ಪರಿಚಯದ ಒಬ್ಬ ಅಕ್ಕನ ಮನೆಗೆ ಕರೆದುಕೊಂಡು ಹೋಗುತ್ತೇನೆ. ಅವರು ಮಕ್ಕಳಿಗೆ ಚಾಕಲೇಟು ಕೊಟ್ಟು ಫೋಟೊ ತೆಗೆಯುತ್ತಾರೆ, ನನಗೂ ಮೇಲಿನಿಂದ ಸ್ವಲ್ಪ ಸಿಗುತ್ತದೆ. ಹೆಂಡತಿ ಇದು ಸರಿಯಲ್ಲ ಎನ್ನುತ್ತಾಳೆ.
— ಓದುಗರೊಬ್ಬರು, ಸುರತ್ಕಲ್

ಉತ್ತರ: ಕಾರ್ಖಾನೆಗೆ ಕರೆದೊಯ್ಯುವುದರಲ್ಲಿ ತಪ್ಪಿಲ್ಲ, ಅದು ದುಡಿಮೆಯ ಜಾಗ. ಅಲ್ಲಿ ಬೀಜದ ಸಿಪ್ಪೆಯ ಎಣ್ಣೆ ತಾಗಿದರೆ ಕೈ ಸುಡುತ್ತದೆ, ಹೆಂಗಸರು ಬೂದಿಯನ್ನೋ ಎಣ್ಣೆಯನ್ನೋ ಹಚ್ಚಿಕೊಂಡು ಕುಳಿತಿರುತ್ತಾರೆ ಎಂಬುದನ್ನೂ ಪ್ರವಾಸಿಗರಿಗೆ ಹೇಳಿ. ಅವರು ಹಡಗಿನಲ್ಲಿ ತಿನ್ನುವ ಗೇರುಬೀಜದ ಹಿಂದಿನ ಕೆಲಸ ಅವರಿಗೆ ತಿಳಿಯಲಿ.

ಮನೆಯ ಮಾತು ಬೇರೆ. ಆ ಅಕ್ಕ ನಿಮ್ಮ ಮುಖ ನೋಡಿ ಬಾಗಿಲು ತೆಗೆಯುತ್ತಾರೆ, ಬಂದವರಿಗೆ ನೀರು ಕೊಡುತ್ತಾರೆ. ಬೇಡವೆನ್ನಲು ಅವರಿಗೆ ಸಂಕೋಚವಾಗುತ್ತದೆ. ಪ್ರವಾಸಿಗರು ಇಲ್ಲದ ದಿನ ಒಬ್ಬರೇ ಹೋಗಿ, ಹೆಂಡತಿಯನ್ನೂ ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು, ನಿಜವಾಗಿ ಅವರ ಮನಸ್ಸಿನಲ್ಲಿ ಏನಿದೆಯೆಂದು ಕೇಳಿ. ಬೇಡವೆಂದರೆ ಅಲ್ಲಿಗೇ ಬಿಟ್ಟುಬಿಡಿ. ಬರಲಿ ಎಂದರೆ, ಬೀಡಿ ಕಟ್ಟುವುದನ್ನೋ ಪತ್ರೊಡೆ ಮಾಡುವುದನ್ನೋ ಅವರೇ ಕಲಿಸುವಂತೆ ಮಾಡಿ, ಅದಕ್ಕೊಂದು ದರ ಗೊತ್ತುಮಾಡಿ, ಹಣ ನೇರವಾಗಿ ಅವರ ಕೈ ಸೇರಲಿ. ಮಕ್ಕಳ ಫೋಟೊ ಬೇಡ, ಚಾಕಲೇಟೂ ಬೇಡ.

ನಿಮಗೆ ಮೇಲಿನಿಂದ ಸ್ವಲ್ಪ ಸಿಗುತ್ತದೆ ಎಂದು ಬರೆದಿದ್ದೀರಿ. ಆ ಮನೆಯವರಿಗೆ ಈ ತನಕ ಸಿಕ್ಕಿದ್ದೆಷ್ಟು ಎಂಬುದು ನಿಮ್ಮ ಪತ್ರದಲ್ಲಿಲ್ಲ.