ಬೈಬಲ್ ಓದಿದರೂ ಸ್ವಭಾವ ಬದಲಾಗುತ್ತಿಲ್ಲ, ಏನು ಮಾಡಲಿ?

ದಿನಾ ಬೈಬಲ್ ಓದುತ್ತೇನೆ, ಭಾನುವಾರದ ಆರಾಧನೆ ತಪ್ಪಿಸುವುದಿಲ್ಲ, ಆದರೂ ಮನೆಯವರ ಮೇಲೆ ರೇಗುವುದು ನಿಂತಿಲ್ಲ ಅಂತ ಬರೆದಿದ್ದೀರಿ. ನಾನು ಸಭಾಪಾಲಕನಲ್ಲ, ಟೈಲರ್. ನನಗಾದದ್ದನ್ನು ಹೇಳುತ್ತೇನೆ.

ಗಲಾತ್ಯ 5:22-23ರ ಆತ್ಮನ ಫಲವನ್ನು, ಅಂದರೆ ಪವಿತ್ರಾತ್ಮ ನಮ್ಮಲ್ಲಿ ಬೆಳೆಸುವ ಗುಣಗಳನ್ನು, ಸಂಡೇ ಸ್ಕೂಲಿನಲ್ಲೇ ಬಾಯಿಪಾಠ ಮಾಡಿದ್ದೆ. ಪ್ರೀತಿ, ಸಂತೋಷದಿಂದ ಹಿಡಿದು ಕೊನೆಯ ಶಮೆದಮೆವರೆಗೆ ಒಂಬತ್ತೂ ಒಂದೇ ಉಸಿರಿಗೆ. ಶಮೆದಮೆ ಅಂದರೆ ತನ್ನನ್ನು ತಾನು ಹತೋಟಿಯಲ್ಲಿ ಇಟ್ಟುಕೊಳ್ಳುವುದು ಅಂತ ತಿಳಿದದ್ದು ಮಾತ್ರ ಮೂವತ್ತು ದಾಟಿದ ಮೇಲೆ!

ನನ್ನ ರೋಗ "ನಾಳೆ ಬನ್ನಿ". ದೆವ್ವ ಬರದಿರಲಿ ಅಂತ ಬಾಗಿಲ ಮೇಲೆ ಬರೆಯುತ್ತಿದ್ದರಲ್ಲ, ಅದನ್ನೇ ಗಿರಾಕಿಗಳಿಗೆ ಹೇಳುತ್ತಿದ್ದೆ. ಒಬ್ಬ ಅಕ್ಕ ಮಗಳ ಸೀಮಂತಕ್ಕೆಂದು ಬ್ಲೌಸ್ ಹೊಲಿಯಲು ಕೊಟ್ಟು ಮೂರು ಸಲ ಬಸ್ಸಿನಲ್ಲಿ ಬಂದರು. ಮೂರನೇ ಸಲವೂ "ಹುಕ್ಸ್ ಹಾಕೋದೊಂದೇ ಬಾಕಿ ಅಕ್ಕಾ" ಅಂದೆ. ಅವರು ಸ್ಟೂಲ್ ಎಳೆದು ಕೂತುಬಿಟ್ಟರು. "ಹಾಕಿಬಿಡಿ, ಕಾಯ್ತೀನಿ." ಬಟ್ಟೆ ಕೌಂಟರ್ ಕೆಳಗಿತ್ತು. ಅಳತೆ ಚೀಟಿ ಚುಚ್ಚಿದ್ದು ಹಾಗೇ ಇತ್ತು, ಕತ್ತರಿ ಮುಟ್ಟಿಸಿರಲಿಲ್ಲ. ತೆಗೆದು ಮುಂದಿಟ್ಟೆ. ಅವರು ಬೈಯಲಿಲ್ಲ. ಚೀಟಿ ಬಿಚ್ಚಿ ನನ್ನ ಕೈಗೆ ಕೊಟ್ಟು, ಬಟ್ಟೆ ಚೀಲಕ್ಕೆ ಹಾಕಿಕೊಂಡು ಹೋದರು.

ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಅನ್ನಿ ಎಂಬ ಯೇಸುವಿನ ಮಾತು (ಮತ್ತಾಯ 5:37) ನನಗೆ ಹೊಸದೇನಲ್ಲ. ಯುವಜನರ ಕೂಟದಲ್ಲಿ ಅದರ ಮೇಲೇ ಅರ್ಧ ಗಂಟೆ ಮಾತಾಡಿದ್ದವನು ನಾನು.

ಆಮೇಲೆ ಬೇರೆಲ್ಲ ಬಿಟ್ಟು ಅದೊಂದನ್ನೇ ಹಿಡಿದೆ. ಆಗುವ ದಿನವನ್ನೇ ಬಿಲ್ಲಿನ ಮೇಲೆ ಬರೆಯುವುದು, ಆಗದಿದ್ದರೆ ಅವರು ಬರುವ ಮೊದಲೇ ಫೋನ್ ಮಾಡುವುದು. ಮೊದಲ ತಿಂಗಳು ಗಿರಾಕಿ ಕಡಿಮೆಯಾದರು, ಸುಳ್ಳು ಹೇಳುವುದಿಲ್ಲ. ಆದರೆ ಸಂಜೆ ಹೆಂಡತಿ ಮಕ್ಕಳ ಮೇಲೆ ಹಾರಾಡುವುದೂ ಕಡಿಮೆಯಾಯಿತು. ಸಿಟ್ಟಿಗಾಗಿ ನಾನು ವರ್ಷಗಟ್ಟಲೆ ಪ್ರಾರ್ಥಿಸಿದ್ದೆ. ಅದರ ಬೇರು ಅಂಗಡಿಯಲ್ಲಿ ಹೇಳಿದ ಸುಳ್ಳುಗಳನ್ನು ಇಡೀ ದಿನ ಕಾಪಾಡುವ ಸುಸ್ತಿನಲ್ಲಿತ್ತು. ನಿಮ್ಮದೂ ಹೀಗೆ ಬೇರೆಲ್ಲೋ ಇರಬಹುದು, ನೋಡಿ. ಗೊತ್ತಿದ್ದೂ ಮುಂದೂಡುತ್ತಿರುವ ವಚನ ಒಂದಾದರೂ ಇದ್ದೇ ಇರುತ್ತದೆ.

ಇದರಿಂದ ರಕ್ಷಣೆ ಸಂಪಾದಿಸುತ್ತೇನೆ ಅಂದುಕೊಳ್ಳಬೇಡಿ, ಅದು ಕೃಪೆಯಿಂದಲೇ. ಅದನ್ನು ಹೇಳುವ ಎಫೆಸ 2:8 ಓದುವಾಗ, ಒಳ್ಳೆಯ ಕೆಲಸ ಮಾಡುವುದಕ್ಕಾಗಿಯೇ ದೇವರು ನಮ್ಮನ್ನು ಸೃಷ್ಟಿಸಿದನು ಅನ್ನುವ 10ನ್ನೂ ಓದಿ, ಅಷ್ಟೇ.

ಚಾಳಿ ಪೂರ್ತಿ ಹೋಗಿಲ್ಲ. ಹೋದ ವಾರ ಮದುವೆ ಸೀಸನ್ ಗಡಿಬಿಡಿಯಲ್ಲಿ ಮತ್ತೆ "ನಾಳೆ" ಅಂದುಬಿಟ್ಟೆ. ಟೇಪು ಕೊರಳಲ್ಲೇ ಇತ್ತು, ರಸ್ತೆಯವರೆಗೆ ಓಡಿಹೋಗಿ "ನಾಳೆ ಅಲ್ಲ ಅಕ್ಕಾ, ಶುಕ್ರವಾರ" ಅಂದೆ. ಅವರು ಬಟ್ಟೆ ವಾಪಸ್ ಇಸಕೊಂಡು ಪಕ್ಕದ ಅಂಗಡಿಗೆ ಕೊಟ್ಟರು.