ಕ್ರಿಸ್ಮಸ್‌ಗೆ ಮುಂಚೆ ಚರ್ಚ್‌ಗೆ ಏನು ಕೊಡಬೇಕು, ಯಾವಾಗ ಕೊಡಬೇಕು?

ನಮಸ್ಕಾರ ರೀ. ಹುಬ್ಬಳ್ಳಿಗೆ ಹೊಸಬರು, ಕ್ರೈಸ್ತರಲ್ಲ, ಆದರೂ ಪಕ್ಕದ ಕ್ಯಾಥೊಲಿಕ್ ಚರ್ಚ್‌ನವರು ಬಡವರಿಗಾಗಿ ಸಾಮಾನು ಕೂಡಿಸುವುದು ನೋಡಿ ನಾನೂ ಕೊಡಬಹುದಾ ಅಂತ ಕೇಳಿದ್ದೀರಿ. ಧಾರಾಳವಾಗಿ ಕೊಡಿ.

ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಕಾಲಕ್ಕೆ ಆಗಮನ ಕಾಲ ಅಂತಾರೆ. ನವೆಂಬರ್ 27ರಿಂದ ಡಿಸೆಂಬರ್ 3ರ ಒಳಗೆ ಬರುವ ಭಾನುವಾರ ಅದು ಶುರು. ಆಗ ಪೂಜೆಗೆ ಫಾದರ್ ನೇರಳೆ ಬಣ್ಣದ ಉಡುಪು ಹಾಕುತ್ತಾರೆ. ಮೊದಲ ಎರಡು ವಾರದಲ್ಲೇ ಕೊಟ್ಟುಬಿಡಿ. 24ರ ಸಂಜೆ ಎಲ್ಲರೂ ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಗೊಂಬೆ ಅಲಂಕಾರ), ರಾತ್ರಿ ಪೂಜೆಯ ಗಡಿಬಿಡಿಯಲ್ಲಿರುತ್ತಾರೆ, ಹಂಚುವುದು ಕಷ್ಟ.

ನನ್ನನ್ನು ಕೇಳಿದರೆ ಚಾದರವೇ ಮೊದಲು. ನಮ್ಮ ಕಡೆ ಡಿಸೆಂಬರ್ ನಸುಕಿನ ಚಳಿ ಜಾಸ್ತಿ ಅಲ್ವಾ, ತಗಡಿನ ಮನೆಯಲ್ಲಿ ಮಲಗುವ ವಯಸ್ಸಾದವರಿಗೆ ತೆಳ್ಳನೆ ಹೊದಿಕೆ ಸಾಲುವುದಿಲ್ಲ. ದಪ್ಪನೆಯ ಸೊಲ್ಲಾಪುರ ಚಾದರ ತನ್ನಿ. ಆಮೇಲೆ ಜೋಳ, ತೊಗರಿಬೇಳೆ, ಎಣ್ಣೆ. ಹಳೆ ಬಟ್ಟೆಯಾದರೆ ಒಗೆದು, ಗುಂಡಿ ಹಚ್ಚಿ, ಮಡಚಿ ಕೊಡಿ. ಗುಂಡಿ ಕಿತ್ತ ಅಂಗಿ, ಜಿಪ್ ಹೋದ ಸ್ವೆಟರ್ ನೋಡಿದರೆ ನನಗೆ ಬಹಳ ಬೇಜಾರಾಗುತ್ತದೆ. ಯಾರೋ ಅದನ್ನು ಹಬ್ಬದ ದಿನ ಹಾಕಿಕೊಳ್ಳಬೇಕಲ್ಲ.

ಬಡವರಿಗೆ ನೆರವಾಗುವ ಸಂಘವಾದ ಸಂತ ವಿನ್ಸೆಂಟ್ ದೆ ಪಾಲ್ ಸಭೆ ನಿಮ್ಮ ಚರ್ಚ್‌ನಲ್ಲಿದೆಯಾ ಅಂತ ಫಾದರ್ ಅವರನ್ನೇ ವಿಚಾರಿಸಿ. 1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡೆರಿಕ್ ಓಜಾನಾಮ್ ಮತ್ತು ಗೆಳೆಯರು ಕಾಲೇಜು ಓದುವಾಗ ಕಟ್ಟಿದ ಸಭೆ ಅದು. ಇದರ ಸದಸ್ಯರು ಸುಮ್ನೆ ಹಂಚಿ ಬರುವವರಲ್ಲ, ಮನೆಮನೆಗೆ ಹೋಗಿ ಕೂತು ಮಾತಾಡಿಸುತ್ತಾರೆ. ಯಾರಿಗೆ ಔಷಧಿ ಬೇಕು, ಯಾರಿಗೆ ಮಗಳ ಫೀಸು ಕಟ್ಟಬೇಕು ಅನ್ನುವುದು ಅವರಿಗೆ ಗೊತ್ತಿರುತ್ತದೆ. ಭಾನುವಾರ ಬೆಳಗಿನ ಪೂಜೆ ಮುಗಿದ ಮೇಲೆ ಹೋಗಿ ಮಾತಾಡಿ.